ಇಂಗ್ಲಿಷ್ ಸಾಲುಗಳ ಮಾದರಿ ಹಿಡಿಯುವುದು ಹೇಗೆ? ನಮ್ಮ ಕರಾವಳಿಯ ದಿನಬಳಕೆಯಿಂದಲೇ ಕಲಿಯೋಣ

ಕಾರವಾರದ ಶಿರವಾಡ ಸ್ಟೇಷನ್ನಿನಲ್ಲಿ ಟ್ರೇನಿಗೆ ಕಾಯುವಾಗ ಮೈಕಿನಲ್ಲಿ ಬರುವ ಇಂಗ್ಲಿಷನ್ನು ಒಮ್ಮೆ ಕಿವಿಗೊಟ್ಟು ಕೇಳಿ. "ಯುವರ್ ಅಟೆನ್ಷನ್ ಪ್ಲೀಸ್. ಟ್ರೇನ್ ನಂಬರ್ ... ಈಸ್ ಅರೈವಿಂಗ್ ಶಾರ್ಟ್ಲಿ ಆನ್ ಪ್ಲಾಟ್‌ಫಾರ್ಮ್ ನಂಬರ್ ...". ಮತ್ಸ್ಯಗಂಧ ಬಂದರೂ ಇದೇ ಸಾಲು, ಪಂಚಗಂಗಾ ಬಂದರೂ ಇದೇ ಸಾಲು. ಬದಲಾಗುವುದು ರೈಲಿನ ನಂಬರು, ಹೆಸರು, ಪ್ಲಾಟ್‌ಫಾರ್ಮ್, ಅಷ್ಟೇ. ಲೇಟ್ ಇದ್ದರೆ ಅದಕ್ಕೂ ಒಂದು ಸಿದ್ಧ ಸಾಲಿದೆ: "ಈಸ್ ರನ್ನಿಂಗ್ ಲೇಟ್ ಬೈ ...". ಎಷ್ಟು ಹೊತ್ತು ಅನ್ನುವುದನ್ನು ಮಾತ್ರ ತುಂಬಿದರಾಯಿತು.

ಶಾಲೆಯಲ್ಲಿ ಅಕ್ಕೋರು "ಬಿಟ್ಟ ಸ್ಥಳ ತುಂಬಿರಿ" ಅಂತ ಕೊಡುತ್ತಿದ್ದರಲ್ಲ, ಇದೂ ಅದೇ. ಇಂಗ್ಲಿಷ್ ಮಾತಾಡುವವರು ದಿನವಿಡೀ ಮಾಡುವುದು ಹೆಚ್ಚುಕಮ್ಮಿ ಇದನ್ನೇ. ಅವರು ಪ್ರತಿ ಸಲ ಪದಕ್ಕೆ ಪದ ಜೋಡಿಸಿ ಹೊಸದಾಗಿ ವಾಕ್ಯ ಕಟ್ಟುವುದಿಲ್ಲ. ಅರ್ಧಕ್ಕರ್ಧ ಮಾತು ಮೊದಲೇ ತಯಾರಾಗಿರುತ್ತದೆ, ಉಳಿದ ಬಿಟ್ಟ ಸ್ಥಳವನ್ನು ಆಗಿನ ಅಗತ್ಯಕ್ಕೆ ತಕ್ಕಂತೆ ತುಂಬುತ್ತಾರೆ. ನಾವು ಕನ್ನಡದಲ್ಲಿ ಮಾಡುವುದೂ ಇದನ್ನೇ ಅಲ್ವಾ? "ಬಂದಿದ್ರೆ ಚಲೋ ಆಗ್ತಿತ್ತು", "ಹೇಳಿದ್ರೆ ಚಲೋ ಆಗ್ತಿತ್ತು" ಅನ್ನುವಾಗ ಯಾರೂ ವ್ಯಾಕರಣ ಯೋಚನೆ ಮಾಡುವುದಿಲ್ಲ.

ನಮ್ಮಲ್ಲಿ ಇಂಗ್ಲಿಷ್ ಕಲಿಯಲು ಹೊರಟವರು ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತಾರೆ. ಒಂದು, ದಿನಕ್ಕಿಷ್ಟು ಪದ ಅಂತ ಬಾಯಿಪಾಠ. ಎರಡು, ಟೆನ್ಸ್ ಪಟ್ಟಿ. ಎರಡೂ ತಪ್ಪಲ್ಲ. ಆದರೆ ಗೋಕರ್ಣದ ಅಂಗಡಿ ಎದುರು ವಿದೇಶಿಯೊಬ್ಬರು ಬಂದು ನಿಂತಾಗ ಪಟ್ಟಿ ತೆಗೆದು ನೋಡಲಿಕ್ಕೆ ಪುರುಸೊತ್ತು ಎಲ್ಲಿರುತ್ತದೆ? ಆಗ ನಾಲಿಗೆಗೆ ಬರುವುದು ಇಡಿಯಾಗಿ ಕೂತ ಸಾಲು ಮಾತ್ರ. ಹಾಗಾಗಿ ಪದ ಕಲಿಯಬೇಡಿ, ಸಾಲಿನ ಮಾದರಿ ಕಲಿಯಿರಿ. ಹೇಗೆ ಅಂತ ಒಂದೊಂದಾಗಿ ನೋಡೋಣ.

ಮೊದಲು ಕೇಳುವ ಸಾಲು

ಶುರು ಇಲ್ಲಿಂದಲೇ ಮಾಡಿ. ಅತಿ ಹೆಚ್ಚು ಬೇಕಾಗುವುದೂ ಇದೇ, ಅತಿ ಹೆಚ್ಚು ಎಡವಟ್ಟಾಗುವುದೂ ಇಲ್ಲೇ.

ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದ ಕೊನೆಯಲ್ಲೇ ಇದೆ. "ಕೊಡು" ಅನ್ನದೆ "ಕೊಡಿ" ಅಂದರೆ ಮುಗಿಯಿತು, ಗೌರವ ಬಂತು. ಇಂಗ್ಲಿಷಿನ "ಗಿವ್" ಅನ್ನುವುದಕ್ಕೆ ಅಂಥ ಬಾಲ ಇಲ್ಲ. ನಾವು ಮನಸ್ಸಿನಲ್ಲಿ "ಐಡಿ ಕೊಡಿ ಸರ್" ಅಂತಲೇ ಇಟ್ಟುಕೊಂಡು "ಗಿವ್ ಮಿ ಯುವರ್ ಐಡಿ" ಅಂದರೆ, ಕೇಳುವವರ ಕಿವಿಗೆ ಅದು "ಐಡಿ ಕೊಡು" ಅಂತಲೇ ಬೀಳುತ್ತದೆ. ಕೊನೆಗೊಂದು "ಪ್ಲೀಸ್" ಹಚ್ಚಿದರೂ ಪೂರ್ತಿ ಮೆತ್ತಗಾಗುವುದಿಲ್ಲ. ಇಂಗ್ಲಿಷಿನಲ್ಲಿ ಮರ್ಯಾದೆ ಇರುವುದು ಸಾಲು ಶುರುವಾಗುವ ರೀತಿಯಲ್ಲಿ.

ದಿನಬಳಕೆಗೆ ಈ ನಾಲ್ಕು ಮಾದರಿ ಸಾಕು. "ಕ್ಯಾನ್ ಐ ಹ್ಯಾವ್ ...", ಇದು ಅಂಗಡಿ, ಹೋಟೆಲಿಗೆ. "ಕ್ಯಾನ್ ಐ ಹ್ಯಾವ್ ಟೂ ಕಾಫೀಸ್, ಪ್ಲೀಸ್?" ಅಂದರೆ ಎಲ್ಲಿಯೂ ಒರಟಾಗುವುದಿಲ್ಲ. "ಕುಡ್ ಯು ...", ಇದು ಬೇರೆಯವರಿಂದ ಕೆಲಸ ಆಗಬೇಕಿದ್ದಾಗ. "ಕುಡ್ ಯು ಸೈನ್ ಹಿಯರ್?", "ಕುಡ್ ಯು ಶೋ ಮಿ ಯುವರ್ ಐಡಿ?". "ವುಡ್ ಯು ಮೈಂಡ್ ...", ಇದು ಸ್ವಲ್ಪ ತೊಂದರೆ ಕೊಡುವ ಕೇಳಿಕೆಗೆ, ಮುಂದೆ ಬರುವ ಕ್ರಿಯಾಪದಕ್ಕೆ "ಇಂಗ್" ಸೇರಲೇಬೇಕು. "ವುಡ್ ಯು ಮೈಂಡ್ ವೇಟಿಂಗ್ ಔಟ್‌ಸೈಡ್?". ನಾಲ್ಕನೆಯದು "ಐ ವಾಸ್ ವಂಡರಿಂಗ್ ಇಫ್ ಯು ಕುಡ್ ...". ಇದು ತೀರಾ ಸಂಕೋಚದ ಕೇಳಿಕೆ.

ಈ ನಾಲ್ಕನೆಯದನ್ನು ನೋಡಿ ತುಂಬಾ ಜನ ತಲೆ ಕೆರೆದುಕೊಳ್ಳುತ್ತಾರೆ. ಕೇಳುತ್ತಿರುವುದು ಈಗ, "ವಾಸ್" ಯಾಕೆ? ಅದೇನೂ ವಿಚಿತ್ರ ಅಲ್ಲ, ನಾವೂ ಹೀಗೇ ಮಾಡುತ್ತೇವೆ. ಬ್ಯಾಂಕಿಗೆ ಹೋಗಿ "ಒಂದು ಡಿಡಿ ಬೇಕಿತ್ತು" ಅನ್ನುತ್ತೇವೆ. ನೆಂಟರ ಮನೆಯಲ್ಲಿ "ಒಂದು ಮಾತು ಕೇಳಬೇಕಿತ್ತು" ಅನ್ನುತ್ತೇವೆ. ಬೇಕಾಗಿರುವುದು ಈಗಲೇ, ಆದರೂ "ಬೇಕಿತ್ತು". ಭೂತಕಾಲ ಹಾಕಿದರೆ ಮಾತು ಮೆತ್ತಗಾಗುತ್ತದೆ. ಎರಡೂ ಭಾಷೆಯಲ್ಲಿ ಉಪಾಯ ಒಂದೇ. ಇದು ತಲೆಗೆ ಹೋದರೆ "ಐ ವಾಂಟೆಡ್ ಟು ಆಸ್ಕ್ ...", "ಐ ವಾಸ್ ಹೋಪಿಂಗ್ ..." ಇವೆಲ್ಲ ತಾನಾಗೇ ಅರ್ಥವಾಗುತ್ತವೆ.

"ವುಡ್ ಯು ಮೈಂಡ್" ವಿಷಯದಲ್ಲಿ ಒಂದು ಎಚ್ಚರಿಕೆ. ಹೋಮ್‌ಸ್ಟೇಗೆ ಬಂದವರು "ವುಡ್ ಯು ಮೈಂಡ್ ಟರ್ನಿಂಗ್ ಆಫ್ ದಿ ಮ್ಯೂಸಿಕ್?" ಅಂತ ಕೇಳಿದರು ಅಂತಿಟ್ಟುಕೊಳ್ಳಿ. "ಯೆಸ್" ಅಂದರೆ "ಹೌದು, ನನಗೆ ತೊಂದರೆ ಇದೆ" ಅಂತಾಗುತ್ತದೆ. ಒಪ್ಪಿಗೆ ಇದ್ದರೆ ಹೇಳಬೇಕಾದ್ದು "ನೋ, ನಾಟ್ ಎಟ್ ಆಲ್". ಗೊಂದಲ ಆದರೆ "ಶೂರ್" ಅಂದುಬಿಡಿ, ಅದು ಎಲ್ಲರಿಗೂ ತಿಳಿಯುತ್ತದೆ.

ದಾರಿ ಕೇಳುವ ಸಾಲಿನಲ್ಲಿ ಪದದ ಜಾಗ ತಿರುಗುತ್ತದೆ, ಅದನ್ನೂ ಇಲ್ಲೇ ಹಿಡಿದುಕೊಳ್ಳಿ. ನೇರ ಕೇಳಿದರೆ "ವೇರ್ ಈಸ್ ದಿ ಬಸ್ ಸ್ಟ್ಯಾಂಡ್?". ಮುಂದೆ "ಕುಡ್ ಯು ಟೆಲ್ ಮಿ" ಸೇರಿಸಿದ ಕೂಡಲೇ "ಈಸ್" ಕೊನೆಗೆ ಹೋಗುತ್ತದೆ: "ಕುಡ್ ಯು ಟೆಲ್ ಮಿ ವೇರ್ ದಿ ಬಸ್ ಸ್ಟ್ಯಾಂಡ್ ಈಸ್?". "ಡು ಯು ನೋ ವಾಟ್ ಟೈಮ್ ದಿ ಕುಮಟಾ ಬಸ್ ಲೀವ್ಸ್?" ಅನ್ನುವುದರಲ್ಲೂ ಹಾಗೇ, ಒಳಗೆ ಮತ್ತೊಂದು "ಡಸ್" ಬೇಡ. ನಿಯಮ ನೆನಪಿಡುವುದಕ್ಕಿಂತ ಈ ಎರಡು ಸಾಲನ್ನೇ ಬಾಯಿಗೆ ಕೂರಿಸಿಕೊಳ್ಳಿ.

ಮಳೆಗಾಲದ ಎಚ್ಚರಿಕೆಯನ್ನು ಪಾಠ ಮಾಡಿಕೊಳ್ಳಿ

ನಮ್ಮ ಜಿಲ್ಲೆಯವರಿಗೆ ಮಾದರಿ ಕಲಿಯಲು ಇದಕ್ಕಿಂತ ಚಲೋ ಪಾಠ ಇಲ್ಲ. ಮಳೆಗಾಲ ಶುರುವಾದ ಮೇಲೆ ಹವಾಮಾನ ಇಲಾಖೆಯ ಸೂಚನೆಗಳು ಎಲ್ಲರ ವಾಟ್ಸಾಪಿಗೂ ಬರುತ್ತವೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಬೋಟುಗಳಿಗೆ ಹೇಗೂ ನಿಷೇಧ. ಆಗಸ್ಟಿನಲ್ಲಿ ಬೋಟು ಇಳಿಸುವ ಹೊತ್ತಿಗೆ ಈ ಸೂಚನೆಗಳನ್ನು ಓದದೆ ಉಪಾಯವೇ ಇಲ್ಲ.

ಅದರಲ್ಲಿ ಬರುವ ಸಾಲು ವರ್ಷದಿಂದ ವರ್ಷಕ್ಕೆ ಬದಲಾಗುವುದಿಲ್ಲ. "ಹೆವಿ ಟು ವೆರಿ ಹೆವಿ ರೈನ್‌ಫಾಲ್ ಈಸ್ ಲೈಕ್ಲಿ ಎಟ್ ಐಸೊಲೇಟೆಡ್ ಪ್ಲೇಸಸ್ ಓವರ್ ...". "ವಿಂಡ್ ಸ್ಪೀಡ್ ರೀಚಿಂಗ್ ... ಗಸ್ಟಿಂಗ್ ಟು ..." ("ಗಸ್ಟಿಂಗ್" ಅಂದರೆ ನಡುನಡುವೆ ರಭಸದಿಂದ ಬೀಸುವುದು). "ಫಿಶರ್‌ಮೆನ್ ಆರ್ ಅಡ್ವೈಸ್ಡ್ ನಾಟ್ ಟು ವೆಂಚರ್ ಇಂಟು ದಿ ಸೀ". ಬಿಟ್ಟ ಸ್ಥಳದಲ್ಲಿ ಜಿಲ್ಲೆ, ದಿನಾಂಕ, ಗಾಳಿಯ ವೇಗ ಬಂದು ಕೂರುತ್ತವೆ.

ಇಲ್ಲಿ ಒಂದೊಂದು ಪದಕ್ಕೂ ಅಳತೆ ಇದೆ. 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಬಿದ್ದರೆ "ಹೆವಿ". 115.6ರಿಂದ 204.4ರ ತನಕ "ವೆರಿ ಹೆವಿ". ಅದಕ್ಕೂ ಮೇಲೆ ಹೋದರೆ "ಎಕ್ಸ್‌ಟ್ರೀಮ್ಲಿ ಹೆವಿ". "ಐಸೊಲೇಟೆಡ್ ಪ್ಲೇಸಸ್" ಅಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇಕಡಾ 25ಕ್ಕಿಂತ ಜಾಸ್ತಿ ಕಡೆ ಇಲ್ಲ. "ವೈಡ್‌ಸ್ಪ್ರೆಡ್" ಅಂದರೆ ಶೇಕಡಾ 75ಕ್ಕೂ ಹೆಚ್ಚು ಕಡೆ. ಯಾರೋ "ರೆಡ್ ಅಲರ್ಟ್ ಅಂದ್ರು, ನಮ್ಮಲ್ಲಿ ಮಳೆನೇ ಬರ್ಲಿಲ್ಲ" ಅಂತ ಬೈಯುವಾಗ ಆ ಸೂಚನೆಯಲ್ಲಿ "ಎಟ್ ಐಸೊಲೇಟೆಡ್ ಪ್ಲೇಸಸ್" ಅಂತ ಇತ್ತೇ ಅನ್ನುವುದನ್ನು ಒಮ್ಮೆ ನೋಡಿ. ಮೂರು ಪದದ ಒಂದು ತುಂಡು, ಆದರೆ ಬೋಟು ಬಿಡಬೇಕೋ ಬೇಡವೋ ಅನ್ನುವವರಿಗೆ ಅದು ಸಣ್ಣ ಮಾತಲ್ಲ.

ಇಲ್ಲೇ ಇನ್ನೊಂದು ವಿಷಯ ಸಿಗುತ್ತದೆ. ನಮಗೆ ಎಲ್ಲವೂ "ಜೋರು". ಜೋರು ಮಳೆ, ಜೋರು ಗಾಳಿ, ಜೋರು ಜ್ವರ, ಜೋರು ಸದ್ದು. ಇಂಗ್ಲಿಷಿನಲ್ಲಿ ಒಂದೊಂದಕ್ಕೂ ಬೇರೆ ಬೇರೆ ಜೊತೆಗಾರ. ಮಳೆ "ಹೆವಿ", ಗಾಳಿ "ಸ್ಟ್ರಾಂಗ್", ಜ್ವರ "ಹೈ", ಸದ್ದು "ಲೌಡ್", ಸಮುದ್ರ ಎದ್ದಿದ್ದರೆ "ರಫ್". "ಸ್ಟ್ರಾಂಗ್ ರೈನ್" ಅಂದರೆ ಅರ್ಥ ಆಗದೇ ಇರುವುದಿಲ್ಲ, ಆದರೆ ಅವರು ಹಾಗೆ ಹೇಳುವುದು ಕಮ್ಮಿ. ಚಾ ಮಾತ್ರ "ಸ್ಟ್ರಾಂಗ್", ಅದು ನಮ್ಮಲ್ಲೂ ಹಾಗೇ ಬಂದುಬಿಟ್ಟಿದೆ.

ಯಾಕೆ ಹೀಗೆ ಅಂತ ಕೇಳಿದರೆ ಉತ್ತರ ಇಲ್ಲ, ಬಳಕೆಯೇ ಹಾಗೆ. ಪದ ಏನು ಅಂತ ಗೊತ್ತಾಗುವುದು ಅದರ ಸಹವಾಸದಿಂದ ಅನ್ನುವ ಅರ್ಥದ ಮಾತನ್ನು ಬ್ರಿಟಿಷ್ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1957ರಲ್ಲಿ ಬರೆದರು. ಅವರು 1920ರ ದಶಕದಲ್ಲಿ ಲಾಹೋರಿನಲ್ಲಿ ಇಂಗ್ಲಿಷ್ ಪ್ರೊಫೆಸರ್ ಆಗಿದ್ದವರು. ಮುಂದೆ 1980ರ ದಶಕದಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ಸಿಂಕ್ಲೇರ್ ಅವರ ತಂಡ ಕೋಬಿಲ್ಡ್ ಯೋಜನೆಯಲ್ಲಿ ಜನ ನಿಜವಾಗಿ ಬರೆದ, ಆಡಿದ ಇಂಗ್ಲಿಷನ್ನು ರಾಶಿ ರಾಶಿಯಾಗಿ ಕಂಪ್ಯೂಟರಿಗೆ ಹಾಕಿ ನೋಡಿತು. ಆಗ ಕಂಡಿದ್ದು, ಪದಗಳು ಒಂಟಿಯಾಗಿ ಓಡಾಡುವುದು ಕಮ್ಮಿ, ಗುಂಪಿನಲ್ಲೇ ಬರುತ್ತವೆ ಅಂತ. ಅದೇ ಆಧಾರದ ಮೇಲೆ 1987ರಲ್ಲಿ ಅವರ ನಿಘಂಟು ಬಂತು. ಕಲಿಯುವವರ ಇಂಗ್ಲಿಷ್ ನಿಘಂಟುಗಳಲ್ಲಿ ಇವತ್ತು ನಿಜಬಳಕೆಯ ಉದಾಹರಣೆ ವಾಕ್ಯ ಅಷ್ಟು ಇರುವುದರ ಹಿಂದೆ ಈ ಕೆಲಸ ಇದೆ.

"ಮಾಡು" ಬಿಡಿಸಿಕೊಳ್ಳುವುದು

ಕನ್ನಡದ "ಮಾಡು" ಎಲ್ಲದಕ್ಕೂ ಒದಗುತ್ತದೆ. ಊಟ ಮಾಡು, ಸ್ನಾನ ಮಾಡು, ಫೋನ್ ಮಾಡು, ತಪ್ಪು ಮಾಡು, ನಿದ್ದೆ ಮಾಡು, ಮದುವೆ ಮಾಡು. ಇಂಗ್ಲಿಷಿನಲ್ಲಿ ಈ ಕೆಲಸ "ಮೇಕ್", "ಡು", "ಟೇಕ್", "ಹ್ಯಾವ್" ನಾಲ್ವರಿಗೆ ಹಂಚಿಹೋಗಿದೆ.

ತಪ್ಪು, ಫೋನ್ ಕರೆ, ಗದ್ದಲ, ನಿರ್ಧಾರ: ಇವು "ಮೇಕ್". ಹೋಮ್‌ವರ್ಕ್, ಪಾತ್ರೆ ತೊಳೆಯುವುದು, ಉಪಕಾರ: ಇವು "ಡು". ಫೋಟೊ, ರಜೆ, ಔಷಧಿ, ಪರೀಕ್ಷೆ ಬರೆಯುವುದು: "ಟೇಕ್". ಊಟ, ಚಾ, ಮಾತುಕತೆ, ಮೋಜು: "ಹ್ಯಾವ್". ಸ್ನಾನಕ್ಕೆ "ಹ್ಯಾವ್" ಆದರೂ ಸರಿ, "ಟೇಕ್" ಆದರೂ ಸರಿ. ನಿದ್ದೆಗೆ ನಾಲ್ಕೂ ಬೇಡ, ಸುಮ್ನೆ "ಐ ಸ್ಲೆಪ್ಟ್ ವೆಲ್".

ಇದಕ್ಕೆ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದರೆ ಪ್ರಯೋಜನ ಇಲ್ಲ ಅಂತ ನನ್ನ ಅಭಿಪ್ರಾಯ. ಬದಲಿಗೆ ಪದ ಬರೆದುಕೊಳ್ಳುವಾಗಲೇ ಜೊತೆಗಾರನ ಸಮೇತ ಬರೆದುಕೊಳ್ಳಿ. "ಮಿಸ್ಟೇಕ್" ಅಂತ ಬರೆಯಬೇಡಿ, "ಮೇಕ್ ಎ ಮಿಸ್ಟೇಕ್" ಅಂತ ಬರೆಯಿರಿ. "ಡಿಸಿಷನ್" ಅಂತ ಬೇಡ, "ಮೇಕ್ ಎ ಡಿಸಿಷನ್". ಬರೆಯುವುದು ಎರಡೇ ಪದ ಜಾಸ್ತಿ, ಆದರೆ ಮಾತಾಡುವಾಗ ತಡವರಿಸುವುದು ತಪ್ಪುತ್ತದೆ.

ಇದರಂತೆಯೇ ಹತ್ತುವುದು, ಇಳಿಯುವುದು. ಬಸ್ಸು, ರೈಲು, ವಿಮಾನ, ಹಡಗು, ಬೈಕು ಇವಕ್ಕೆ "ಗೆಟ್ ಆನ್", "ಗೆಟ್ ಆಫ್". ಕಾರು, ಆಟೊ, ಸಣ್ಣ ದೋಣಿಗೆ "ಗೆಟ್ ಇನ್", "ಗೆಟ್ ಔಟ್ ಆಫ್". ಒಳಗೆ ಎದ್ದು ನಿಂತು ಓಡಾಡಲು ಬರುವಂಥದ್ದು, ಇಲ್ಲವೇ ಮೇಲೆ ಕೂರುವಂಥದ್ದು "ಆನ್", ಬಗ್ಗಿ ಒಳಗೆ ಸೇರಿ ಕೂರಬೇಕಾದ್ದು "ಇನ್" ಅಂತ ಲೆಕ್ಕ ಇಟ್ಟುಕೊಂಡರೆ ಹೆಚ್ಚಿನ ಕಡೆ ಸರಿಹೋಗುತ್ತದೆ. ದೇವಬಾಗಕ್ಕೋ ಡಾಲ್ಫಿನ್ ತೋರಿಸಲಿಕ್ಕೋ ಪ್ರವಾಸಿಗರನ್ನು ಕರೆದುಕೊಂಡು ಹೋಗುವವರಿಗೆ "ಪ್ಲೀಸ್ ಗೆಟ್ ಇನ್ ಒನ್ ಬೈ ಒನ್", "ಪ್ಲೀಸ್ ಸ್ಟೇ ಸೀಟೆಡ್", "ವಾಚ್ ಯುವರ್ ಸ್ಟೆಪ್" ಇವು ಮೂರು ಬಂದರೂ ಅರ್ಧ ಕೆಲಸ ಹಗುರ.

"ಎರಡು ವರ್ಷದಿಂದ"

ಇಂಟರ್‌ವ್ಯೂಗೆ ಹೋಗುವವರು ಇದೊಂದನ್ನು ಖಂಡಿತ ಸರಿಮಾಡಿಕೊಳ್ಳಿ. "ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ", "2019ರಿಂದ ಕೆಲಸ ಮಾಡುತ್ತಿದ್ದೇನೆ". ಕನ್ನಡದಲ್ಲಿ ಎರಡಕ್ಕೂ "ಇಂದ" ಸಾಕು. ಹಾಗಾಗಿ "ಐ ಆಮ್ ವರ್ಕಿಂಗ್ ಸಿನ್ಸ್ ಟೂ ಇಯರ್ಸ್" ಅಂತ ಸಲೀಸಾಗಿ ಬಂದುಬಿಡುತ್ತದೆ. ಮಾದರಿ ಇದು: "ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ...". ಎಷ್ಟು ಕಾಲ ಅನ್ನುವುದಾದರೆ "ಫಾರ್", ಫಾರ್ ಟೂ ಇಯರ್ಸ್. ಯಾವಾಗಿನಿಂದ ಅನ್ನುವುದಾದರೆ "ಸಿನ್ಸ್", ಸಿನ್ಸ್ 2019. ಮೊದಲರ್ಧ ಎರಡಕ್ಕೂ ಒಂದೇ, "ಐ ಹ್ಯಾವ್ ಬೀನ್". ಅದನ್ನು ಒಂದೇ ಉಸಿರಿನಲ್ಲಿ ಹೇಳಿ ಅಭ್ಯಾಸ ಮಾಡಿ.

ಹಾಗೇ "ಯೂಸ್ಡ್ ಟು". ಕಾರವಾರದ ಕಡೆ ಗೋವಾಕ್ಕೆ ಕೆಲಸಕ್ಕೆ ಹೋಗಿ ಬಂದವರು ಬೇಕಾದಷ್ಟು ಜನ. "ಮೊದಲು ಗೋವಾದಲ್ಲಿ ಕೆಲಸ ಮಾಡ್ತಿದ್ದೆ, ಈಗಿಲ್ಲ" ಅನ್ನಲಿಕ್ಕೆ "ಐ ಯೂಸ್ಡ್ ಟು ವರ್ಕ್ ಇನ್ ಗೋವಾ". "ರಾತ್ರಿ ಪಾಳಿ ನನಗೆ ರೂಢಿ ಇದೆ" ಅನ್ನಲಿಕ್ಕೆ "ಐ ಆಮ್ ಯೂಸ್ಡ್ ಟು ವರ್ಕಿಂಗ್ ನೈಟ್ ಶಿಫ್ಟ್ಸ್". ನಡುವೆ "ಆಮ್" ಬಂದರೆ ಅರ್ಥವೇ ಬೇರೆ, ಮುಂದಿನ ಕ್ರಿಯಾಪದಕ್ಕೆ "ಇಂಗ್" ಬೇರೆ. ಎರಡನ್ನೂ ನಿಮ್ಮದೇ ಜೀವನದ ಒಂದೊಂದು ನಿಜ ಹಾಕಿ ಬರೆದಿಟ್ಟುಕೊಳ್ಳಿ. ಪುಸ್ತಕದ ಉದಾಹರಣೆ ಮರೆತುಹೋಗುತ್ತದೆ, ನಿಮ್ಮದು ಮರೆಯುವುದಿಲ್ಲ.

ಒಂದು ಮೆಸೇಜನ್ನು ಬಿಚ್ಚಿ ನೋಡೋಣ

ಶಿರಸಿ ಕಡೆ ಈಗ ತೋಟದ ಮನೆಗಳನ್ನೇ ಹೋಮ್‌ಸ್ಟೇ ಮಾಡಿದವರು ಸುಮಾರು ಜನ ಇದ್ದಾರೆ. ಅಡುಗೆ, ಉಪಚಾರ ಎರಡರಲ್ಲೂ ಅವರನ್ನು ಮೀರಿಸುವವರಿಲ್ಲ. ಬುಕಿಂಗ್ ಕೇಳಿ ಇಂಗ್ಲಿಷಿನಲ್ಲಿ ಮೆಸೇಜ್ ಬಂದಾಗ ಮಾತ್ರ ಉತ್ತರ ಈ ಥರ ಹೋಗುತ್ತದೆ:

"ರೂಮ್ ಈಸ್ ದೇರ್. ಯು ಕಮ್. ಫುಡ್ ಆಲ್ಸೋ ದೇರ್. ಟೆಲ್ ಟೈಮ್."

ಕನ್ನಡದಲ್ಲಿ "ರೂಮ್ ಇದೆ, ಬನ್ನಿ, ಊಟವೂ ಇದೆ, ಟೈಮ್ ತಿಳಿಸಿ" ಅಂದರೆ ಎಷ್ಟು ಆತ್ಮೀಯವಾಗಿದೆ. ಪದಕ್ಕೆ ಪದ ಇಟ್ಟಾಗ ಆ ಪ್ರೀತಿ ಪೂರ್ತಿ ಸೋರಿಹೋಯಿತು. ಅದೇ ನಾಲ್ಕು ಮಾತನ್ನು ಮಾದರಿಯಲ್ಲಿ ಇಟ್ಟರೆ ಹೀಗಾಗುತ್ತದೆ:

"ಯೆಸ್, ವಿ ಹ್ಯಾವ್ ಎ ರೂಮ್ ಅವೈಲಬಲ್ ಆನ್ ಸ್ಯಾಟರ್ಡೇ. ಆಲ್ ಮೀಲ್ಸ್ ಆರ್ ಇನ್‌ಕ್ಲೂಡೆಡ್. ಕುಡ್ ಯು ಲೆಟ್ ಮಿ ನೋ ವಾಟ್ ಟೈಮ್ ಯು ವಿಲ್ ಅರೈವ್? ಲುಕಿಂಗ್ ಫಾರ್ವರ್ಡ್ ಟು ಮೀಟಿಂಗ್ ಯು."

ಇದರಲ್ಲಿ ಕಷ್ಟದ ಪದ ಒಂದೂ ಇಲ್ಲ. ನಾಲ್ಕು ತುಂಡುಗಳನ್ನು ಗುರುತು ಮಾಡಿಕೊಳ್ಳಿ. "ವಿ ಹ್ಯಾವ್ ... ಅವೈಲಬಲ್", ನಮ್ಮ "ಇದೆ"ಗೆ ಇದು. "... ಆರ್ ಇನ್‌ಕ್ಲೂಡೆಡ್", ದರದಲ್ಲಿ ಏನೇನು ಸೇರಿದೆ ಅನ್ನಲಿಕ್ಕೆ. "ಲೆಟ್ ಮಿ ನೋ ...", ತಿಳಿಸಿ ಅನ್ನುವುದಕ್ಕೆ, ಇದಿಲ್ಲದೆ ಇಂಗ್ಲಿಷ್ ಮೆಸೇಜ್ ಮುಗಿಯುವುದೇ ಅಪರೂಪ. ಕೊನೆಯದು "ಲುಕಿಂಗ್ ಫಾರ್ವರ್ಡ್ ಟು", ಇದರ ಮುಂದೆ "ಮೀಟ್ ಯು" ಅಲ್ಲ, "ಮೀಟಿಂಗ್ ಯು". ಜೊತೆಗೆ "ಇಟ್ ಟೇಕ್ಸ್ ಅಬೌಟ್ ..." ಅನ್ನುವುದನ್ನೂ ಇಟ್ಟುಕೊಳ್ಳಿ, ಯಾಕೆಂದರೆ ಬರುವವರೆಲ್ಲ ಕೇಳುವುದು ಯಾಣಕ್ಕೆ ಎಷ್ಟು ಹೊತ್ತು, ಬನವಾಸಿಗೆ ಎಷ್ಟು ಹೊತ್ತು, ಸಹಸ್ರಲಿಂಗಕ್ಕೆ ಎಷ್ಟು ಹೊತ್ತು ಅಂತಲೇ. "ಇಟ್ ಟೇಕ್ಸ್ ಅಬೌಟ್ ಆನ್ ಅವರ್ ಬೈ ಕಾರ್". ಗಂಟೆ ನೀವು ತುಂಬಿ.

ಬಂದವರ ಜೊತೆ ಮಾತು ಶುರುವಾದ ಮೇಲೆ ನಮ್ಮ ಕನ್ನಡದ ಸಾಲುಗಳು ಇಂಗ್ಲಿಷ್ ಅಂಗಿ ಹಾಕಿಕೊಂಡು ಹೊರಬೀಳುತ್ತವೆ. ಅಡುಗೆಮನೆಯಿಂದ "ಬಂದೆ ಬಂದೆ" ಅನ್ನುತ್ತೇವೆ, ಇನ್ನೂ ಬಂದಿರುವುದಿಲ್ಲ. ಇಂಗ್ಲಿಷಿನಲ್ಲಿ ಆಗ "ಕಮಿಂಗ್!". "ಹೋಗಿ ಬರ್ತೇನೆ" ಅನ್ನುವುದಕ್ಕೆ, ಹೊರಟೇಹೋಗುವುದಾದರೆ "ಸೀ ಯು", ಐದು ನಿಮಿಷದಲ್ಲಿ ವಾಪಸ್ ಬರುವುದಾದರೆ "ಐ ವಿಲ್ ಬಿ ರೈಟ್ ಬ್ಯಾಕ್". "ಊಟ ಆಯ್ತಾ" ಅನ್ನುವುದಕ್ಕೆ "ಹ್ಯಾವ್ ಯು ಈಟನ್?". ನಮ್ಮಲ್ಲಿ ಅದು ಕುಶಲ ವಿಚಾರಿಸುವ ಮಾತು, ಹೊರಗಿನವರು ಊಟಕ್ಕೆ ಕರೆಯುತ್ತಿದ್ದಾರೆ ಅಂತ ತಿಳಿಯಬಹುದು. ಅವರ "ಹೌ ಆರ್ ಯು ಡೂಯಿಂಗ್?" ಕೂಡ ಹಾಗೇ. ಮಂಡಿನೋವಿನ ಕಥೆ ಹೇಳಬೇಕಾಗಿಲ್ಲ, "ಗುಡ್, ಥ್ಯಾಂಕ್ಸ್. ಅಂಡ್ ಯು?" ಸಾಕು.

ಪ್ರತಿ ಸಾಲಿನ ಕೊನೆಗೆ ನಾವು ಹಚ್ಚುವ "ಅಲ್ವಾ" ಇದೆಯಲ್ಲ, ಅದನ್ನು "ಈಸಂಟ್ ಇಟ್" ಅಂತ ಎಲ್ಲ ಕಡೆ ಹಾಕುವ ರೂಢಿ ಇದೆ. ಇಂಗ್ಲಿಷಿನಲ್ಲಿ ಅದು ಸಾಲಿಗೆ ತಕ್ಕಂತೆ ಬದಲಾಗಬೇಕು: "ಇಟ್ ಈಸ್ ಹಾಟ್, ಈಸಂಟ್ ಇಟ್?", ಆದರೆ "ಯು ಆರ್ ಕಮಿಂಗ್, ಆರಂಟ್ ಯು?". ಇಷ್ಟು ಲೆಕ್ಕ ಬೇಡ ಅನ್ನಿಸಿದರೆ ಎಲ್ಲದಕ್ಕೂ "ರೈಟ್?" ಹಾಕಿ. ಆಡುಮಾತಿನಲ್ಲಿ ಅದು ಪೂರ್ತಿ ಸರಿ.

ನಮ್ಮದೇ ಇಂಗ್ಲಿಷ್ ಮಾದರಿಗಳು

"ಪ್ಲೀಸ್ ಡು ದಿ ನೀಡ್‌ಫುಲ್", "ಔಟ್ ಆಫ್ ಸ್ಟೇಷನ್", "ಐ ಹ್ಯಾವ್ ಎ ಡೌಟ್", "ಕಸಿನ್ ಬ್ರದರ್", "ವಾಟ್ ಈಸ್ ಯುವರ್ ಗುಡ್ ನೇಮ್". ಇವನ್ನು ಕಂಡರೆ ತಪ್ಪು ತಪ್ಪು ಅಂತ ಕೂಗುವವರಿದ್ದಾರೆ. ನಾನು ಒಪ್ಪುವುದಿಲ್ಲ. ಭಾರತದ ಉದ್ದಗಲಕ್ಕೂ ಎಲ್ಲರಿಗೂ ತಿಳಿಯುವ ಸಾಲು ತಪ್ಪು ಹೇಗಾಗುತ್ತದೆ? "ಪ್ರೀಪೋನ್" ಅನ್ನುವ ಪದ ನಮ್ಮ ದೇಶದ ಬಳಕೆಯಿಂದಲೇ ಆಕ್ಸ್‌ಫರ್ಡ್ ನಿಘಂಟಿಗೂ ಹೋಗಿ ಸೇರಿದೆ. ತಹಸೀಲ್ದಾರ್ ಕಚೇರಿಗೆ ಅರ್ಜಿ ಬರೆಯುವಾಗ "ಡು ದಿ ನೀಡ್‌ಫುಲ್" ಧಾರಾಳವಾಗಿ ಬರೆಯಿರಿ.

ಹೊರದೇಶದವರಿಗೆ ಬರೆಯುವಾಗ ಮಾತ್ರ ಕೆಲವನ್ನು ಬದಲಿಸಿಕೊಳ್ಳಬೇಕು, ಅದೂ ಅರ್ಥ ಕೆಡುವ ಕಡೆ. "ಐ ಹ್ಯಾವ್ ಎ ಡೌಟ್" ಅಂದರೆ ಅವರಿಗೆ ನಂಬಿಕೆ ಇಲ್ಲ ಅಂತ ಕೇಳಿಸುತ್ತದೆ, "ಐ ಹ್ಯಾವ್ ಎ ಕ್ವೆಶ್ಚನ್" ಅನ್ನಿ. "ಐ ಪಾಸ್ಡ್ ಔಟ್ ಇನ್ 2020" ಅಂದರೆ ಎಚ್ಚರ ತಪ್ಪಿ ಬಿದ್ದೆ ಅಂತ ತಿಳಿಯುತ್ತಾರೆ, ಕಾಲೇಜಿಗೆ "ಐ ಗ್ರಾಜುಯೇಟೆಡ್ ಇನ್ 2020". ನೌಕಾಪಡೆ, ಪೊಲೀಸ್ ತರಬೇತಿಯ "ಪಾಸಿಂಗ್ ಔಟ್ ಪರೇಡ್" ಬೇರೆ, ಅದು ಬ್ರಿಟನ್ನಿನಲ್ಲೂ ಹಾಗೇ ಬಳಕೆಯಲ್ಲಿದೆ. "ಡಿಸ್ಕಸ್ ಅಬೌಟ್" ಅನ್ನುವುದರಲ್ಲಿ "ಅಬೌಟ್" ಬಿಡಿ, ಯಾವ ಕಡೆಗೆ ಬರೆದರೂ ಬಿಡುವುದೇ ಒಳ್ಳೆಯದು.

ಸರಿಯೋ ತಪ್ಪೋ ಅಂತ ನೋಡುವುದು ಹೇಗೆ

ಒಂದು ನೋಟ್‌ಬುಕ್ ಇಡಿ. ಅಕಾರಾದಿಯಾಗಿ ಬೇಡ, ಸಂದರ್ಭಕ್ಕೆ ತಕ್ಕಂತೆ ಪುಟ ಮಾಡಿ: ಅಂಗಡಿ, ಬಸ್ಸು, ಫೋನು, ಆಸ್ಪತ್ರೆ, ಇಂಟರ್‌ವ್ಯೂ, ಅತಿಥಿಗಳು. ಸಿಕ್ಕಿದ ಸಾಲನ್ನು ಇಡಿಯಾಗಿ ಬರೆದು, ಬದಲಾಗುವ ಕಡೆ ಗೆರೆ ಎಳೆಯಿರಿ. ಕೆಳಗೆ ನಿಮ್ಮದೇ ಮಾತಿನಿಂದ ಆ ಜಾಗ ತುಂಬಿ ಮೂರು ಸಾಲು ಮಾಡಿ. ಗಟ್ಟಿಯಾಗಿ ಓದಿ, ಮನಸ್ಸಿನಲ್ಲೇ ಓದಿದರೆ ನಾಲಿಗೆ ತಿರುಗುವುದಿಲ್ಲ. ಆದಷ್ಟು ಅದೇ ದಿನ ಒಬ್ಬರ ಹತ್ತಿರ ಬಳಸಿ.

ಅನುಮಾನ ಬಂದರೆ ಗೂಗಲ್ಲಿನಲ್ಲಿ ಆ ತುಂಡನ್ನು ಉದ್ಧರಣ ಚಿಹ್ನೆಯ ಒಳಗೆ ಹಾಕಿ ಹುಡುಕಿ, ಆಗ ಪದಗಳು ಅದೇ ಸಾಲಿನಲ್ಲಿ ಇರುವ ಪುಟಗಳೇ ಬರುತ್ತವೆ. ನಡುವಿನ ಒಂದು ಪದ ಗೊತ್ತಿಲ್ಲದಿದ್ದರೆ ಅಲ್ಲಿ ನಕ್ಷತ್ರ ಚಿಹ್ನೆ ಹಾಕಿ ನೋಡಿ. ಎರಡು ರೂಪದಲ್ಲಿ ಯಾವುದು ಹೆಚ್ಚು ಬಳಕೆಯಲ್ಲಿದೆ ಅಂತ ತೂಗಿ ನೋಡಲು ಗೂಗಲ್ ಎನ್‌ಗ್ರಾಮ್ ವ್ಯೂವರ್ ಇದೆ. ಅದು ಅಚ್ಚಾದ ಪುಸ್ತಕಗಳನ್ನು ಹುಡುಕಿ ಗೆರೆ ಎಳೆದು ತೋರಿಸುತ್ತದೆ. "ಹೆವಿ ರೈನ್", "ಸ್ಟ್ರಾಂಗ್ ರೈನ್" ಎರಡನ್ನೂ ಅಲ್ಪವಿರಾಮ ಇಟ್ಟು ಅದರಲ್ಲಿ ಹಾಕಿ, ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಪುಸ್ತಕದ ಭಾಷೆ ಅದು, ಆಡುಮಾತಿಗೆ ಅದನ್ನೇ ನಂಬಬೇಡಿ. ಆಡುಮಾತಿಗೆ ಯುಗ್ಲಿಷ್ ಅನ್ನುವ ತಾಣ ಒಳ್ಳೆಯದು. ಒಂದು ತುಂಡು ಹಾಕಿದರೆ ಯೂಟ್ಯೂಬಿನಲ್ಲಿ ಜನ ಅದನ್ನು ಹೇಳಿದ ಜಾಗಕ್ಕೇ ಕರೆದುಕೊಂಡು ಹೋಗುತ್ತದೆ. ಉಚ್ಚಾರಣೆ, ಎಳೆತ, ಎಲ್ಲಿ ನಿಲ್ಲಿಸುತ್ತಾರೆ, ಎಲ್ಲವೂ ಕಿವಿಗೆ ಸಿಗುತ್ತದೆ.

ಇನ್ನೂ ಆಳಕ್ಕೆ ಹೋಗಬೇಕು ಅನ್ನುವವರು, ಮುಖ್ಯವಾಗಿ ಇಂಗ್ಲಿಷ್ ಕಲಿಸುವ ಅಕ್ಕೋರು, ಮಾಸ್ತರರು, ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ನೋಡಬೇಕು. ಸುಮಾರು 10 ಕೋಟಿ ಪದಗಳ ಸಂಗ್ರಹ ಅದು, ಒಂಬತ್ತು ಪಾಲು ಬರಹ, ಒಂದು ಪಾಲು ಮಾತು. ಹೆಚ್ಚಿನದು 1985ರಿಂದ 1993ರ ನಡುವಿನದ್ದು, ಹಾಗಾಗಿ ಮೊಬೈಲ್ ಕಾಲದ ಸಾಲುಗಳು ಅದರಲ್ಲಿ ಸಿಗುವುದಿಲ್ಲ.

ಕೊನೆಗೆ ಫೋನು. ಮುಖ ಕಾಣುವುದಿಲ್ಲ, ಘಟ್ಟದ ಮೇಲೆ ಸಿಗ್ನಲ್ ಬೇರೆ ಬಂದು ಹೋಗಿ ಮಾಡುತ್ತದೆ. ಅರ್ಥವಾಗದಿದ್ದಾಗ ಸುಮ್ನೆ "ಯೆಸ್, ಯೆಸ್" ಅಂದು ಬುಕಿಂಗ್ ದಿನಾಂಕ ಎಡವಟ್ಟು ಮಾಡಿಕೊಳ್ಳುವುದಕ್ಕಿಂತ ಈ ಮೂರನ್ನು ಫೋನಿನ ಪುಟದ ಮೇಲ್ಗಡೆ ಬರೆದಿಡಿ: "ಸಾರಿ, ಐ ಡಿಡಂಟ್ ಕ್ಯಾಚ್ ದ್ಯಾಟ್", "ಕುಡ್ ಯು ಸೇ ದ್ಯಾಟ್ ಅಗೇನ್, ಎ ಬಿಟ್ ಸ್ಲೋವರ್?", "ಸೋ ದ್ಯಾಟ್ಸ್ ಫ್ರೈಡೇ, ಟೂ ಪೀಪಲ್, ರೈಟ್?". ಮೂರನೆಯದರಲ್ಲಿ ದಿನ, ಜನ ಎರಡನ್ನೂ ನೀವೇ ತಿರುಗಿ ಹೇಳುತ್ತೀರಿ. ತಪ್ಪಿದ್ದರೆ ಆ ಕಡೆಯವರು ಅಲ್ಲೇ ತಿದ್ದುತ್ತಾರೆ.